ಶನಿವಾರದ ತರಬೇತಿ: ಬರುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಅಂಗವಿಕಲರು ತಮ್ಮಿಷ್ಟದಂತೆ ಬದುಕಲು ನೆರವಾಗುವ ನಮ್ಮ ಉಡುಪಿ ಕೇಂದ್ರದ ಸಿಬ್ಬಂದಿ ತರಬೇತಿ ಈ ಶನಿವಾರ ಬೆಳಿಗ್ಗೆ 10ಕ್ಕೆ. ಚಾ, ತಿಂಡಿ ಇದೆ.

ಈ ಸಲ ಭಾಷಣ ಕಡಿಮೆ, ಮಾಡಿ ಕಲಿಯುವುದು ಜಾಸ್ತಿ. ಸದಸ್ಯರನ್ನು ಹಾಸಿಗೆಯಿಂದ ವೀಲ್‌ಚೇರ್‌ಗೆ ದಾಟಿಸುವಾಗ ಮೊದಲು ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಚಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಭುಜಕ್ಕೆ ಪೆಟ್ಟಾಗಬಹುದು. ಅದಕ್ಕೂ ಮೊದಲು ಅವರನ್ನೇ ಕೇಳಿ: "ಹೇಗೆ ಹಿಡಿಯಲಿ?" ಜೊತೆಗೆ ಬಂದ ಅಮ್ಮನನ್ನೋ ಅಣ್ಣನನ್ನೋ ಅಲ್ಲ. ಇದು ನಮ್ಮಲ್ಲಿ ಇನ್ನೂ ಸರಿಹೋಗಿಲ್ಲ, ಅಲ್ವಾ? 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಇಂಥ ಕೇಂದ್ರ ಕಟ್ಟಿದವರು ಸ್ವತಃ ಅಂಗವಿಕಲರು. ತೀರ್ಮಾನ ಅವರದು, ಕೈಜೋಡಿಸುವುದಷ್ಟೇ ನಮ್ಮದು. ಇಂಥ ಕಡೆಯೇ ಇರಬೇಕೆಂಬ ಬಲವಂತ ಬೇಡ ಎಂಬುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್‌ನಲ್ಲೂ ಇದೆ.

ಮಧ್ಯಾಹ್ನ ಸದಸ್ಯರ ಬೇಡಿಕೆಗಳ ಬಗ್ಗೆ ಮಾತು. ಸರ್ವಿಸ್ ಬಸ್ ಹತ್ತಲು ನೆರವು, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ, ಸಂಜ್ಞೆ ಭಾಷೆ ಬಲ್ಲ ಒಬ್ಬರಾದರೂ ಕೇಂದ್ರದಲ್ಲಿ ಇರುವುದು. ಮಳೆಗಾಲಕ್ಕೆ ಮೊದಲು ರ‍್ಯಾಂಪಿನ ಪಾಚಿ ಉಜ್ಜಿಸಬೇಕು, ಅದಕ್ಕೂ ಸುಮ್ನೆ ಮೀಟಿಂಗ್ ಬೇಡ!

ತುಳು, ಕೊಂಕಣಿ, ಬ್ಯಾರಿ ಚೆನ್ನಾಗಿ ಬರುವವರು ಇಲ್ಲೇ ಹೆಸರು ಹಾಕಿ. ಮನೆಭೇಟಿಯ ಜೋಡಿಗಳನ್ನು ಅದರ ಮೇಲೆ ಮಾಡುತ್ತೇವೆ.