ಸೊಟ್ಟಗಾದ ರೆಕಾರ್ಡನ್ನು ವಾಪಸ್ ತೆಗೆದುಕೊಳ್ಳದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಏಪ್ರಿಲ್ 8ರಂದು ನಿಮ್ಮ ಅಂಗಡಿಯಿಂದ ಆನ್‌ಲೈನ್‌ನಲ್ಲಿ ಒಂದು ಎಲ್‌ಪಿ (ಗ್ರಾಮಫೋನ್ ರೆಕಾರ್ಡು) ತರಿಸಿಕೊಂಡೆ. ಐರಿಷ್ ಜಾನಪದಕ್ಕೆ ಪಂಕ್ ರಾಕ್ ಬೆರೆಸಿದ ದ ಪೋಗ್ಸ್ ತಂಡದ ‘ರಮ್, ಸಾಡಮಿ ಅಂಡ್ ದ ಲ್ಯಾಶ್’. ಬೆಲೆ 3,450 ರೂಪಾಯಿ. ಆರನೇ ದಿನ ಕೈಗೆ ಬಂತು. ಬಿಚ್ಚಿ ನೋಡಿದರೆ ಅಂಚು ಹಪ್ಪಳದ ಹಾಗೆ ಎದ್ದಿತ್ತು. ಅವತ್ತೇ ಫೋಟೋ, ವಿಡಿಯೋ ಎರಡನ್ನೂ ಕಳಿಸಿದೆ. ನಾಲ್ಕು ದಿನ ಬಿಟ್ಟು ನಿಮ್ಮ ಉತ್ತರ ಬಂತು. ಇದು ಪಂಕ್ ಸಂಗೀತ, ಹಳೇ ರೆಕಾರ್ಡಿಂಗ್, ಇದರ ಧ್ವನಿ ಒರಟಾಗಿಯೇ ಇರುತ್ತದೆ, ಹಾಗಾಗಿ ಇದು ದೋಷ ಅಲ್ಲ ಅಂತ. ಜೊತೆಗೆ 300 ರೂಪಾಯಿಯ ಕೂಪನ್ ಕಳಿಸಿ ದೂರನ್ನು ಮುಚ್ಚಿಬಿಟ್ಟಿದ್ದೀರಿ.

ರೆಕಾರ್ಡು ಸೊಟ್ಟಗಾದದ್ದಕ್ಕೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಪಾರ್ಸೆಲ್ ವ್ಯಾನಿನೊಳಗೆ ಬಿದ್ದಿದ್ದರೆ ಯಾವ ರೆಕಾರ್ಡಾದರೂ ಬಾಗುತ್ತದೆ. ಬೇಜಾರಾದದ್ದು ಆ ಉತ್ತರಕ್ಕೆ. ನಿಮ್ಮ ಪ್ಯಾಕಿಂಗ್‌ನ ತಪ್ಪನ್ನು ಹಾಡುಗಾರನ ಗಂಟಲ ಮೇಲೆ ಹಾಕಿದ್ದೀರಿ.

ಮೊದಲು ದೋಷದ ಮಾತು. ಪ್ಲೇಟು ನಿಮಿಷಕ್ಕೆ 33 ಸುತ್ತು ಮತ್ತು ಮೂರನೇ ಒಂದು ಭಾಗ ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ನಾನು ಕಳಿಸಿದ ವಿಡಿಯೋ ಇನ್ನೊಮ್ಮೆ ಕೇಳಿ. ಸರಿಯಾಗಿ ಅಷ್ಟು ಹೊತ್ತಿಗೊಮ್ಮೆ ‘ಟಪ್’ ಅನ್ನುತ್ತದೆ, ಅಕಾರ್ಡಿಯನ್‌ನ ಸ್ವರ ಜೋಲಿ ಹೊಡೆಯುತ್ತದೆ. ಯಾವ ಹಾಡುಗಾರನೂ 1.8 ಸೆಕೆಂಡಿಗೊಮ್ಮೆ ಲೆಕ್ಕ ಇಟ್ಟು ಒರಟಾಗಿ ಹಾಡುವುದಿಲ್ಲ. ಮುಳ್ಳು ಹೊರಗಿನ ಅಂಚಿನಿಂದ ಒಳಗೆ ಹೋಗುವುದರಿಂದ, ಅಂಚು ಬಾಗಿದರೆ ಏಟು ಬೀಳುವುದು ಎರಡೂ ಮಗ್ಗುಲಿನ ಮೊದಲ ಹಾಡುಗಳಿಗೆ. ಇಲ್ಲೂ ಹಾಗೇ ಆಗಿದೆ. ಮೊದಲ ಮಗ್ಗುಲಿನ ಮೊದಲ ಹಾಡು ಐರಿಷ್ ಪುರಾಣದ ವೀರ ಕೂಹುಲಿನ್‌ನ ಹೆಸರು ಹೊತ್ತದ್ದು. ಅದು ನಿಧಾನವಾಗಿ ಶುರುವಾಗಿ ಒಮ್ಮೆಲೇ ಓಟ ಹಿಡಿಯುತ್ತದೆ. ಆ ಓಟ ಶುರುವಾಗುವ ಮೊದಲೇ ಮುಳ್ಳು ಎರಡು ಸಲ ಹಾರುತ್ತದೆ. ಎರಡನೇ ಮಗ್ಗುಲಿನ ಮೊದಲ ಹಾಡು ‘ಡರ್ಟಿ ಓಲ್ಡ್ ಟೌನ್’, ಅದಕ್ಕೂ ಇದೇ ಗತಿ.

ಕೊನೆಯ ಹಾಡು ಮಾತ್ರ ಸರಿಯಾಗಿ ಕೇಳುತ್ತದೆ. ಎರಿಕ್ ಬೋಗಲ್ 1971ರಲ್ಲಿ ಬರೆದ ಹಾಡು ಅದು. 1915ರಲ್ಲಿ ಟರ್ಕಿಯ ಗಲಿಪೊಲಿ ಯುದ್ಧಕ್ಕೆ ಹೋಗಿ ಕಾಲು ಕಳೆದುಕೊಂಡು ಬಂದ ಆಸ್ಟ್ರೇಲಿಯಾದ ಸೈನಿಕ ತನ್ನ ಕಥೆ ಹೇಳಿಕೊಳ್ಳುತ್ತಾನೆ. ಎಂಟು ನಿಮಿಷಕ್ಕೂ ಜಾಸ್ತಿ ಇದೆ. ಅದು ಇರುವುದು ನಡುವಿನ ಲೇಬಲ್ ಹತ್ತಿರ, ಬಾಗು ಅಲ್ಲಿವರೆಗೆ ಮುಟ್ಟಿಲ್ಲ. ಅದೇ ಹಾಡುಗಾರ ಶೇನ್ ಮೆಕ್‌ಗೋವನ್, ಅದೇ ಒಡೆದ ದನಿ, ಆದರೆ ಒಂದು ‘ಟಪ್’ ಕೂಡ ಇಲ್ಲ. ರೆಕಾರ್ಡಿಂಗೇ ಹಾಗೆ ಅನ್ನುವುದಾದರೆ ಈ ಹಾಡೂ ಹಾಗೇ ಕೇಳಬೇಕಿತ್ತು, ಅಲ್ವಾ?

ಇನ್ನು ಒರಟುತನದ ಮಾತು. 1985ರಲ್ಲಿ ಈ ಆಲ್ಬಮ್ ನಿರ್ಮಿಸಿದ್ದು ಇಂಗ್ಲಿಷ್ ಗಾಯಕ ಎಲ್ವಿಸ್ ಕಾಸ್ಟೆಲೋ. ಹೆಚ್ಚು ‘ವೃತ್ತಿಪರ’ ನಿರ್ಮಾಪಕರು ಯಾರಾದರೂ ಬಂದು ಈ ತಂಡವನ್ನು ಕೆಡಿಸುವ ಮೊದಲು, ಅವರು ಇರುವ ಹಾಗೆಯೇ ಹಿಡಿದಿಡುವುದು ತನ್ನ ಕೆಲಸ ಅಂದುಕೊಂಡಿದ್ದಾಗಿ ಅವರೇ ಹೇಳಿದ್ದಾರೆ. ಅಂದರೆ ಈ ಒರಟುತನ ಬೇಕೆಂದೇ ಉಳಿಸಿಕೊಂಡದ್ದು. ಅದರೊಳಗೆ ಎಷ್ಟು ನಾಜೂಕು ಇದೆ ಗೊತ್ತಾ? ಟಿನ್ ವಿಸಲ್ (ತಗಡಿನ ಪುಟ್ಟ ಕೊಳಲು), ಬ್ಯಾಂಜೋ, ಅಕಾರ್ಡಿಯನ್ ಒಂದರ ಮೇಲೊಂದು ಬಂದರೂ ಯಾವುದೂ ಇನ್ನೊಂದನ್ನು ಮುಚ್ಚುವುದಿಲ್ಲ. ನಡುವೆ ತಂಡದ ಬೇಸ್ ಗಿಟಾರ್ ವಾದಕಿ ಕೇಟ್ ಒ'ರಿಯರ್ಡನ್ ಒಬ್ಬಳೇ ಒಂದು ಹಾಡು ಹಾಡುತ್ತಾಳೆ. ಅಷ್ಟು ಗಲಾಟೆಯ ಮಧ್ಯೆ ಆ ದನಿ ಕೇಳಿದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ಈ ಆಲ್ಬಮ್ ನನಗೆ ಸಿಕ್ಕಿದ್ದು ಲಂಡನ್ನಿನಲ್ಲಿ. ಕೆಲಸಕ್ಕೆ ಹೋಗಿ ಮೂರು ವರ್ಷ ಅಲ್ಲಿದ್ದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದವನು ಐರ್ಲೆಂಡಿನ ಟಿಪ್ಪರರಿ ಕಡೆಯವನು. ಪ್ರತಿ ಭಾನುವಾರ ಬೆಳಿಗ್ಗೆ ಇದೇ ರೆಕಾರ್ಡು ಹಾಕುತ್ತಿದ್ದ. ಕಾಲುವೆ, ರೈಲು ದಾರಿ ಅಗೆದು ಸತ್ತ ಕೂಲಿಗಳ ಹಾಡು ಬಂದಾಗ, ನಮ್ಮ ಅಜ್ಜಂದಿರೂ ಹೀಗೇ ದುಡಿಯಲು ಬಂದವರು ಅನ್ನುತ್ತಿದ್ದ. ಊರು ಬಿಟ್ಟು ಬಂದ ಹುಡುಗ ಲಂಡನ್ನಿನ ಬೀದಿಯಲ್ಲಿ ಹಾಳಾಗುವ ಹಾಡು ಬಂದಾಗ ಅವನು ಮಾತೇ ಆಡುತ್ತಿರಲಿಲ್ಲ. ಒಂದು ಡಿಸೆಂಬರ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ತಂಡದ ಕಾರ್ಯಕ್ರಮಕ್ಕೂ ಕರೆದುಕೊಂಡು ಹೋದ. ‘ಡರ್ಟಿ ಓಲ್ಡ್ ಟೌನ್’ ಶುರುವಾದಾಗ ಪಕ್ಕದಲ್ಲಿದ್ದ ಅಪರಿಚಿತ ಯಜಮಾನರೊಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿ ಹಾಡಿದರು. ಕಣ್ಣಲ್ಲಿ ನೀರಿತ್ತು. ಆ ಹಾಡು ಇವಾನ್ ಮೆಕಾಲ್ ಇಂಗ್ಲೆಂಡಿನ ಸಾಲ್‌ಫರ್ಡ್ ಊರಿನ ಬಗ್ಗೆ ಬರೆದದ್ದು. ಆದರೂ ಅವತ್ತು ಅದು ಅಲ್ಲಿದ್ದ ಎಲ್ಲರ ಊರಿನದೂ ಆಗಿತ್ತು. ನನಗೆ ನಮ್ಮ ಭದ್ರಾವತಿ ನೆನಪಾಯಿತು, ಕಾರ್ಖಾನೆಯ ಹೊಗೆಯ ಸಮೇತ.

2023ರ ನವೆಂಬರ್ 30ರಂದು ಮೆಕ್‌ಗೋವನ್ ತೀರಿಕೊಂಡಾಗ ಆ ಗೆಳೆಯ ರಾತ್ರಿ ಫೋನ್ ಮಾಡಿದ್ದ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಅವನು ಆ ಕಡೆ ರೆಕಾರ್ಡು ಹಾಕಿದ, ನಾನು ಈ ಕಡೆ ಕೇಳಿದೆ.

ಇಂಥ ಆಲ್ಬಮ್ಮಿನ ಬಗ್ಗೆ ‘ಇದು ಹೀಗೇ ಕೇಳುವುದು’ ಅಂತ ಬರೆದವರು ಇದನ್ನು ಒಮ್ಮೆಯೂ ಪೂರ್ತಿ ಕೇಳಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ. ಕೇಳದೇ ಇರುವುದು ತಪ್ಪಲ್ಲ. ಕೇಳದೆ ತೀರ್ಪು ಕೊಟ್ಟದ್ದು ತಪ್ಪು.

ಕೂಪನ್ ನನಗೆ ಬೇಡ. ಅದರ ಬದಲು ಸೊಟ್ಟಗಾಗದ ಇನ್ನೊಂದು ಪ್ರತಿ ಕಳಿಸಿ. ಎರಡೂ ಕಡೆ ಗಟ್ಟಿ ರಟ್ಟು ಇಟ್ಟು ಪ್ಯಾಕ್ ಮಾಡಿ, ನೆಟ್ಟಗೆ ನಿಲ್ಲಿಸಿ ಸಾಗಿಸಿ. ಈ ಸಲ ಕವರಿನ ಮೂಲೆಯೂ ಮಡಚಿ ಬಂದಿದೆ. ಫ್ರೆಂಚ್ ಚಿತ್ರಕಾರ ಜೆರಿಕೋ 1819ರಲ್ಲಿ ಪ್ರದರ್ಶಿಸಿದ ‘ಮೆಡೂಸಾದ ತೆಪ್ಪ’ ಚಿತ್ರದಲ್ಲಿ ತಂಡದವರ ಮುಖಗಳನ್ನು ಕೂರಿಸಿ ಮಾಡಿದ ಕವರ್ ಅದು. ಗೋಡೆಗೆ ಹಾಕುವಷ್ಟು ಚೆನ್ನಾಗಿದೆ. ಇನ್ನೊಂದು ಪ್ರತಿ ಇಲ್ಲದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ, ಈ ರೆಕಾರ್ಡನ್ನು ನಿಮ್ಮ ಖರ್ಚಿನಲ್ಲೇ ತೆಗೆದುಕೊಂಡು ಹೋಗಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ.

ಆದರೆ ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ. ಜೂನ್ 10ಕ್ಕೆ ನನ್ನ ಗೆಳೆಯ ಮೊದಲ ಸಲ ಬೆಂಗಳೂರಿಗೆ ಬರುತ್ತಿದ್ದಾನೆ. ಎರಡು ದಿನ ನಮ್ಮ ಮನೆಯಲ್ಲಿರುತ್ತಾನೆ, ಅದರಲ್ಲಿ ಒಂದು ಭಾನುವಾರ. ರೆಕಾರ್ಡು ಅದಕ್ಕೆ ಮುಂಚೆ ಬಂದರೆ ಸಾಕು.

ಇಂತಿ,
ನಿಮ್ಮ ಗ್ರಾಹಕ
ಬಸವನಗುಡಿ, ಬೆಂಗಳೂರು