ನಿನ್ನನ್ನು ನಾಲ್ಕನೇ ಜಾಗದಲ್ಲಿ ಕೂರಿಸಿದ್ದಕ್ಕೆ

ಮಿಸಿಸಾಗಾ
ಮಾರ್ಚ್ 22, 2025

ಗೆಳೆಯಾ,

ನಿನ್ನೆ ರಾತ್ರಿ ನಮ್ಮ ಫ್ಯಾಂಟಸಿ ಹಾಕಿ ಗುಂಪಿನಲ್ಲಿ ನಾನು ಹಾಕಿದ ತಂಡಗಳ ರ‍್ಯಾಂಕಿಂಗ್‌ಗೆ ನಿನ್ನಿಂದ ಬಂದದ್ದು ಒಂದೇ ಸಾಲು: "ಭಾವನ ಕಣ್ಣಿಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣ." ಆಮೇಲೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎಡ್ಮಂಟನ್‌ನಲ್ಲಿ ಆಗಿನ್ನೂ ಎಂಟೂವರೆ, ಮಲಗಿಬಿಟ್ಟಿದ್ದೆ ಅನ್ನಬೇಡ. ಎಲ್ಲರ ಎದುರೇ ಬೈದಿದ್ದೀಯ, ಉತ್ತರವನ್ನೂ ಎಲ್ಲರೂ ಓದುವ ಹಾಗೇ ಬರೆಯುತ್ತೇನೆ.

ಸಿಟ್ಟು ಬರುವಂಥದ್ದೇ, ಇಲ್ಲ ಅನ್ನುವುದಿಲ್ಲ. ನಿಜವಾದ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ಆಟಗಾರರನ್ನು ಕಾಗದದ ಮೇಲೆ ಹಂಚಿಕೊಂಡು, ಅವರ ಆಟದ ಅಂಕಿಗಳ ಮೇಲೆ ವಾರವಾರ ಸೆಣಸುವ ನಮ್ಮ ಹನ್ನೆರಡು ತಂಡಗಳ ಲೀಗಿನಲ್ಲಿ ಐದು ತಿಂಗಳು ಮೇಲೆ ಕೂತವನು ನೀನು. ಪ್ಲೇಆಫ್‌ಗೆ ಆರು ತಂಡ ಹೋಗುತ್ತವೆ, ಮೊದಲ ಎರಡಕ್ಕೆ ಒಂದು ವಾರ ಬೈ, ಅಂದರೆ ಆಡದೆಯೇ ಮುಂದಿನ ಸುತ್ತು, ಆ ಬೈ ಕೂಡ ನಿನಗೆ ಸಿಕ್ಕಿದೆ. ಅಂಥವನನ್ನು ನಾನು ನಾಲ್ಕಕ್ಕೆ ಇಳಿಸಿ, ಮೂರರಲ್ಲಿದ್ದ ಮಿಲ್ಟನ್‌ನ ಭಾವನನ್ನು ಒಂದಕ್ಕೆ ಹತ್ತಿಸಿದೆ. ಹೊರಗಿನಿಂದ ನೋಡಿದವರಿಗೆ ಅಕ್ಕನ ಮನೆಯ ಹಬ್ಬದೂಟದ ಋಣ ತೀರಿಸಿದ ಹಾಗೇ ಕಾಣುತ್ತದೆ. ಆದರೆ ಒಂದು ನೋಡು ಮಾರಾಯ, ಪಾಯಿಂಟ್ಸ್ ಪಟ್ಟಿಯ ಮೂರಕ್ಕೂ ಆರಕ್ಕೂ ಮೊದಲ ವಾರ ಜೋಡಿ. ಆರರಲ್ಲಿರುವವನು ನಾನು. ಅಂದರೆ ನಾಡಿದ್ದು ಸೋಮವಾರದಿಂದ ಭಾವನ ಎದುರು ನಿಲ್ಲಬೇಕಾದವನು ನಾನೇ. ನನ್ನನ್ನು ಮನೆಗೆ ಕಳಿಸುವವರನ್ನು ನಾನೇ ಮೊದಲ ಸ್ಥಾನದಲ್ಲಿ ಕೂರಿಸಿ ಆರತಿ ಎತ್ತಿದ್ದೇನೆ. ಇದರಲ್ಲಿ ನನಗೇನು ಲಾಭ?

ಪಾಯಿಂಟ್ಸ್ ಪಟ್ಟಿ ಹೇಳುವುದು ಆಗಿಹೋದದ್ದನ್ನು. ನನ್ನ ಪಟ್ಟಿಯ ಪ್ರಶ್ನೆ ಬೇರೆ: ಸೋಮವಾರ ಯಾರ ಎದುರು ಬಿದ್ದರೆ ನನಗೆ ಹೊಟ್ಟೆ ತೊಳಸುತ್ತದೆ? ಅದಕ್ಕೆ ಈ ಸಲ ನಾನು ಅಕ್ಟೋಬರ್, ನವೆಂಬರನ್ನು ಮುಟ್ಟಲೇ ಇಲ್ಲ. ಫೆಬ್ರವರಿಯಲ್ಲಿ ನಾಲ್ಕು ದೇಶಗಳ ಟೂರ್ನಿಗೆ ಎನ್‌ಎಚ್‌ಎಲ್ ನಿಂತಿತ್ತಲ್ಲ, ಬಾಸ್ಟನ್‌ನಲ್ಲಿ ಮೆಕ್‌ಡೇವಿಡ್ ಓವರ್‌ಟೈಮ್ ಗೋಲು ಹೊಡೆದಾಗ ನೀನು ಫೋನಿನಲ್ಲಿ ಕೂಗಿ ನನ್ನ ಕಿವಿ ತೂತು ಮಾಡಿದೆಯಲ್ಲ, ಅಲ್ಲಿಂದ ಈಚೆಯ ನಾಲ್ಕು ವಾರ ಮಾತ್ರ ತೆಗೆದುಕೊಂಡೆ. ಒಂದೊಂದು ವಾರವೂ ಪ್ರತಿ ತಂಡವನ್ನು ಉಳಿದ ಹನ್ನೊಂದರ ಎದುರೂ ನಿಲ್ಲಿಸಿದೆ. ಗೋಲು, ಅಸಿಸ್ಟ್, ಪವರ್‌ಪ್ಲೇ ಪಾಯಿಂಟ್ಸ್, ಶಾಟ್, ಹಿಟ್ (ಎದುರಾಳಿಗೆ ಮೈಯಿಂದ ಗುದ್ದುವುದು), ಬ್ಲಾಕ್ (ಹೊಡೆತಕ್ಕೆ ಅಡ್ಡ ನಿಲ್ಲುವುದು). ಗೋಲಿಗಳದು, ಅಂದರೆ ಗೋಲ್‌ಕೀಪರ್‌ಗಳದು, ಗೆಲುವು, ಬಿಟ್ಟುಕೊಟ್ಟ ಗೋಲಿನ ಸರಾಸರಿ, ಸೇವ್ ಪರ್ಸೆಂಟೇಜ್, ಶಟ್‌ಔಟ್. ಹತ್ತು ವಿಭಾಗಕ್ಕೆ ಹತ್ತು ಕಾಲಂ. ನಮ್ಮ ಅದೃಷ್ಟದಲ್ಲಿ ಅರ್ಧ ಪಾಲು ಆ ವಾರ ಯಾರು ಎದುರಾದರು ಅನ್ನುವುದರಲ್ಲೇ ಇರುತ್ತದೆ, ಇದರಲ್ಲಿ ಅದು ಸೋಸಿ ಹೋಗುತ್ತದೆ.

ಸೋಸಿದ ಮೇಲೆ ನಿನ್ನದು ಕಂಡದ್ದು ಹೀಗೆ. ಈ ನಾಲ್ಕು ವಾರದಲ್ಲಿ ನಿನಗೆ ಎದುರಾದವರಲ್ಲಿ ಒಬ್ಬರು ನಮ್ಮ ಬ್ರಾಂಪ್ಟನ್ ಮಹಾಶಯರು. ಅವರು ಕ್ರಿಸ್‌ಮಸ್ ಆದಮೇಲೆ ತಂಡದ ಬಾಗಿಲು ತೆರೆದೇ ಇಲ್ಲ. ಜ್ಯಾಕ್ ಹ್ಯೂಸ್‌ಗೆ ಮಾರ್ಚ್ 2ರಂದು ಭುಜಕ್ಕೆ ಪೆಟ್ಟಾಗಿ ಸೀಸನ್ನೇ ಮುಗಿಯಿತು. ಅವರ ತಂಡದಲ್ಲಿ ಮಾತ್ರ ಅವನು ಇವತ್ತಿಗೂ ಸೆಂಟರ್‌ನಲ್ಲಿ ಬೆರ್ಚಪ್ಪನ ಹಾಗೆ ನಿಂತಿದ್ದಾನೆ. ಆ ವಾರ ನೀನು ದೊಡ್ಡದಾಗಿ ಗೆದ್ದೆ. ಯಾರಾದರೂ ಗೆಲ್ಲುತ್ತಿದ್ದರು. ಗೋಲಿ ಕಾಲಂಗಳನ್ನು ಮಾತ್ರ ಬೇರೆ ಮಾಡಿ ನೋಡಿದರೆ ನೀನು ನಮ್ಮ ಲೀಗಿನ ಕೆಳಗಿನ ಅರ್ಧದಲ್ಲಿದ್ದೀಯ. ಇದನ್ನು ಬರೆಯುವಾಗ ನನಗೆ ಖುಷಿಯಾಗಲಿಲ್ಲ.

ಈಗ ಡಿಸೆಂಬರ್‌ನ ಆ ವ್ಯಾಪಾರದ ವಿಷಯ. ನೀನು ವಿನ್ನಿಪೆಗ್‌ನ ಗೋಲಿ ಹೆಲ್ಲೆಬಕ್‌ನನ್ನು ಭಾವನಿಗೆ ಕೊಟ್ಟು ಡ್ರೈಸೈಟಲ್‌ನನ್ನು ತಂದೆ. ಮೆಕ್‌ಡೇವಿಡ್, ಡ್ರೈಸೈಟಲ್ ಇಬ್ಬರೂ ಒಂದೇ ಮನೆಯಲ್ಲಿರಬೇಕು, ಊರೂ ಎಡ್ಮಂಟನ್, ಇನ್ನೇನು ಬೇಕು ಅಂದೆ. ತಪ್ಪು ಅಂತ ನಾನು ಅವತ್ತು ಹೇಳಲಿಲ್ಲ, ಇವತ್ತೂ ಪೂರ್ತಿ ತಪ್ಪು ಅನ್ನುವುದಿಲ್ಲ. ಡ್ರೈಸೈಟಲ್ ಐವತ್ತು ಗೋಲಿನ ಹೊಸ್ತಿಲಲ್ಲಿ ನಿಂತಿದ್ದಾನೆ, ನಿನ್ನನ್ನು ಮೇಲೆ ಉಳಿಸಿದ್ದೇ ಅವನು. ಆದರೆ ಇದೇ ವಾರ ಅವನು ಗಾಯವಾಗಿ ಕೂತ. ಗುರುವಾರ ವಿನ್ನಿಪೆಗ್ ಎದುರಿನ ಆಟದಲ್ಲಿ ಮೆಕ್‌ಡೇವಿಡ್ ಕೂಡ ನಡುವೆಯೇ ಎದ್ದು ಹೋದ. ಒಂದೇ ಬುಟ್ಟಿಯಲ್ಲಿಟ್ಟ ಮೊಟ್ಟೆ ಅಂತ ನಾನು ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಾತು ಅದಕ್ಕಿಂತ ಸಣ್ಣದು: ನಮ್ಮಲ್ಲಿ ಗಾಯಾಳುಗಳಿಗೆ ಇರುವುದು ಒಂದೇ ಜಾಗ. ಆಟಗಾರನಿಗೆ ಗಾಯಾಳು ಅನ್ನುವ ಹಣೆಪಟ್ಟಿ ಬೀಳುವವರೆಗೆ ಆ ಜಾಗವೂ ಇಲ್ಲ. ಹಾಗಾಗಿ ಇಬ್ಬರಲ್ಲಿ ಒಬ್ಬನಂತೂ ನಿನ್ನ ಬೆಂಚಿನ ಮೇಲೆ ಸುಮ್ಮನೆ ಕೂತು ಜಾಗ ತಿನ್ನುತ್ತಾನೆ. ಆ ಜಾಗದಲ್ಲಿ ಒಬ್ಬ ಮಾಮೂಲಿ ಆಟಗಾರ ಇದ್ದರೂ ವಾರಕ್ಕೆ ಮೂರು ನಾಲ್ಕು ಆಟ ಸಿಗುತ್ತಿತ್ತು.

ಬೈ ವಾರದಲ್ಲಿ ಇಬ್ಬರೂ ಸುಧಾರಿಸಿಕೊಳ್ಳುತ್ತಾರೆ ಅನ್ನುತ್ತೀಯ. ಒಪ್ಪಿದೆ. ನಿನ್ನನ್ನು ಐದಕ್ಕೋ ಆರಕ್ಕೋ ತಳ್ಳದೆ ಇದ್ದದ್ದು ಆ ಒಂದು ಕಾರಣಕ್ಕೇ.

ಅವರಿಬ್ಬರಿಗಿಂತ ನನಗೆ ಹೆದರಿಕೆ ಇರುವುದು ನಿನ್ನ ಗೋಲಿಗಳದು. ಸ್ಕಿನ್ನರ್ ಇದ್ದಾನೆ, ಆದರೆ ಎಡ್ಮಂಟನ್‌ನಲ್ಲಿ ಪಿಕರ್ಡ್ ಜೊತೆ ಪಾಲು. ಯಾವ ರಾತ್ರಿ ಯಾರು ನಿಲ್ಲುತ್ತಾರೆ ಅನ್ನುವುದು ಅದೇ ದಿನ ಬೆಳಗ್ಗೆ ಗೊತ್ತಾಗುತ್ತದೆ. ಇನ್ನೊಬ್ಬ ಸ್ವೇಮನ್. ಮಾರ್ಚ್ 7ರ, ಆಟಗಾರರ ಅದಲುಬದಲಿನ ಗಡುವಿನ ದಿನ ಬಾಸ್ಟನ್ ತನ್ನ ನಾಯಕ ಮಾರ್ಷಾಂಡ್‌ನನ್ನೇ ಫ್ಲೋರಿಡಾಕ್ಕೆ ಕಳಿಸಿತು. ನಾಯಕನನ್ನೇ ಮಾರಿದ ಮನೆಯ ಗೋಲಿ ಹತ್ತಿರ ಏನು ನಿರೀಕ್ಷೆ ಇಟ್ಟುಕೊಳ್ಳುವುದು? ವಾರಕ್ಕೆ ಕನಿಷ್ಠ ಮೂರು ಗೋಲಿ ಆಟ ಆಗದಿದ್ದರೆ ನಾಲ್ಕೂ ಗೋಲಿ ವಿಭಾಗ ಎದುರಾಳಿಗೆ ಅಂತ ನಮ್ಮ ನಿಯಮ, ಅದನ್ನು ತಂದವನೂ ನೀನೇ. ಸೊನ್ನೆಗೆ ನಾಲ್ಕರಿಂದ ಶುರು ಮಾಡಿ ಉಳಿದ ಆರನ್ನೂ ಗೆಲ್ಲುವುದು ಮೆಕ್‌ಡೇವಿಡ್‌ಗೂ ಕಷ್ಟ.

ಗೋಣಿಕೊಪ್ಪದವನಿಗೆ ನಾನು ಹಾಕಿ ಹೇಳಿಕೊಡುವುದೇ ಒಂದು ತಮಾಷೆ, ನನಗೂ ಗೊತ್ತು. ನಾನು ಸಾಗರದವನು, ಇಲ್ಲಿಗೆ ಬರುವವರೆಗೆ ಸ್ಟಿಕ್ ಮುಟ್ಟಿದವನಲ್ಲ. ಐಸ್ ಹಾಕಿ ತಲೆಗೆ ಹತ್ತಿದ್ದೇ ಶನಿವಾರ ರಾತ್ರಿಯ ಪಂಜಾಬಿ ಕಾಮೆಂಟರಿಯಿಂದ. ಪಂಜಾಬಿ ಅರ್ಧ ಅರ್ಥವಾಗುತ್ತಿತ್ತು, ಆಟ ಕಾಲುಭಾಗ. ನೀನಾದರೆ ಮಣ್ಣಿನ ಮೈದಾನದಲ್ಲಿ ಮೊಣಕಾಲು ತರಚಿಕೊಂಡು ಬೆಳೆದವನು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಮನೆತನಗಳನ್ನು ಸೇರಿಸಿ ಶುರು ಮಾಡಿದ ಕೊಡವ ಹಾಕಿ ಹಬ್ಬ ಹೋದ ವರ್ಷ ನಾಪೋಕ್ಲುವಿನಲ್ಲಿ 360 ತಂಡ ಮುಟ್ಟಿದ ಕತೆಯನ್ನು ನನಗೆ ಎಷ್ಟು ಸಲ ಹೇಳಿದ್ದೀಯ! ಅದನ್ನು ಹೇಳುವಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತೀಯ: "ಅಲ್ಲಿ ಸೋತರೆ ಮನೆಗೆ. ಗೋಲಿ ಗಟ್ಟಿ ಇಲ್ಲದ ಮನೆತನ ಎರಡನೇ ಸುತ್ತು ದಾಟಿದ್ದು ನಾನು ನೋಡಿಲ್ಲ." ನಿನ್ನ ಮಾತನ್ನೇ ನಾನು ಪಟ್ಟಿ ಮಾಡಿದ್ದು ಕಣೋ. ಬೇರೆ ಏನೂ ಮಾಡಿಲ್ಲ.

ಭಾವ ಒಂದನೇ ಸ್ಥಾನಕ್ಕೆ ಯಾಕೆ ಅಂದರೆ ಉತ್ತರ ಹೆಲ್ಲೆಬಕ್. ಈ ಸೀಸನ್‌ನಲ್ಲಿ ಅವನಷ್ಟು ಗೆದ್ದ ಗೋಲಿ ಇನ್ನೊಬ್ಬನಿಲ್ಲ. ಶಟ್‌ಔಟ್ ಬೇರೆ. ಅವನಿದ್ದ ವಾರ ಭಾವ ಗೋಲಿ ವಿಭಾಗಗಳಲ್ಲಿ ಮೂರನ್ನು ಜೇಬಿಗೆ ಹಾಕಿಕೊಂಡೇ ಶುರು ಮಾಡುತ್ತಾರೆ. ಜೊತೆಗೆ ರಾಂಟನೆನ್. ಜನವರಿಯಲ್ಲಿ ಕೊಲರಾಡೊದಿಂದ ಕ್ಯಾರೊಲೈನಾಕ್ಕೆ, ಮಾರ್ಚ್‌ನಲ್ಲಿ ಅಲ್ಲಿಂದ ಡಲ್ಲಾಸ್‌ಗೆ, ಒಂದೇ ಚಳಿಗಾಲದಲ್ಲಿ ಮೂರು ಊರಿನ ನೀರು ಕುಡಿದ. ಕ್ಯಾರೊಲೈನಾದಲ್ಲಿ ಒಣಗಿದ್ದಾಗ ನಾವೆಲ್ಲ ನಕ್ಕೆವು, ಭಾವ ಮಾತ್ರ ಅವನನ್ನು ಬಿಡಲಿಲ್ಲ. ತಾಳ್ಮೆಗೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ, ಇದ್ದಿದ್ದರೆ ಅದನ್ನೂ ಅವರೇ ಗೆಲ್ಲುತ್ತಿದ್ದರು.

ಅವರಿಗೂ ಒಂದು ತೂತು ಇದೆ, ಅದನ್ನೂ ಪಟ್ಟಿಯಲ್ಲಿ ಬರೆದಿದ್ದೆ, ನೀನು ಸಿಟ್ಟಿನಲ್ಲಿ ಓದಿಲ್ಲ. ನಮ್ಮ ಫೈನಲ್ ಏಪ್ರಿಲ್ 7ರಿಂದ 13. ಲೀಗಿನ ಮಾಮೂಲಿ ಆಟ ಮುಗಿಯುವುದು 17ಕ್ಕೆ. ಆ ಹೊತ್ತಿಗೆ ವಿನ್ನಿಪೆಗ್ ಜಾಗ ಗಟ್ಟಿಯಾಗಿರುತ್ತದೆ, ನಿಜವಾದ ಪ್ಲೇಆಫ್‌ಗೆ ಗೋಲಿಯನ್ನು ಉಳಿಸಿಕೊಳ್ಳೋಣ ಅಂತ ಕೋಚ್‌ಗೆ ಅನ್ನಿಸಿದರೆ ಭಾವನ ಕೋಟೆ ಅಲ್ಲೇ ಕುಸಿಯುತ್ತದೆ. ಹೋದ ವರ್ಷ ನಾವು ಫೈನಲನ್ನು ಸೀಸನ್‌ನ ಕೊನೆಯ ದಿನದವರೆಗೆ ಎಳೆದು ಪಟ್ಟ ಪಾಡು ನೆನಪಿದೆಯಲ್ಲ. ಮ್ಯಾಥ್ಯೂಸ್ 69 ಗೋಲು ಹೊಡೆದು ಕೂತಿದ್ದ, 70 ಹೊಡೆದೇ ಹೊಡೆಯುತ್ತಾನೆ ಅಂತ ನಾನು ಅವನಿದ್ದ ತಂಡವನ್ನು ಒಂದನೇ ಸ್ಥಾನಕ್ಕೆ ಹಾಕಿದ್ದೆ. ಕೊನೆಯ ಎರಡು ಆಟದಲ್ಲಿ ಒಂದೂ ಇಲ್ಲ. ನನ್ನ ರ‍್ಯಾಂಕಿಂಗ್ ಬ್ರಹ್ಮಲಿಪಿ ಅಲ್ಲ ಅಂತ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಎರಡರಲ್ಲಿ ಕ್ಯಾಲ್ಗರಿಯ ದಂಪತಿ. ಕುಚೆರೋವ್ ಅಸಿಸ್ಟ್ ತರುತ್ತಾನೆ, ಮಕಾರ್ ಮತ್ತು ವೆರೆನ್ಸ್‌ಕಿ ಡಿಫೆನ್ಸ್‌ನಲ್ಲಿ ನಿಂತುಕೊಂಡೇ ಫಾರ್ವರ್ಡ್‌ಗಳಷ್ಟು ಪಾಯಿಂಟ್ಸ್ ತರುತ್ತಾರೆ. ಇನ್ನೊಂದು ಗುಟ್ಟು ಇದೆ, ಅದು ಆ ಮನೆಯ ಯಜಮಾನಿತಿಯದು. ಎನ್‌ಎಚ್‌ಎಲ್‌ನಲ್ಲಿ ಮಂಗಳವಾರ, ಗುರುವಾರ, ಶನಿವಾರ ಜಾತ್ರೆ. ಆ ರಾತ್ರಿಗಳಲ್ಲಿ ಎಲ್ಲರ ಬೆಂಚಿನಲ್ಲೂ ಒಳ್ಳೆಯ ಆಟಗಾರರು ಜಾಗವಿಲ್ಲದೆ ವ್ಯರ್ಥವಾಗುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ಸಾಮಾನ್ಯವಾಗಿ ಬೀದಿ ಖಾಲಿ. ಆ ಖಾಲಿ ರಾತ್ರಿಗಳಲ್ಲಿ ಆಡುವ ಸಾಧಾರಣ ಆಟಗಾರರನ್ನು ಆಕೆ ವಾರಕ್ಕೆ ನಾಲ್ಕು ಸಲ ಬದಲಿಸುತ್ತಾರೆ, ಒಂದು ಅವಕಾಶವನ್ನೂ ಬಿಡುವುದಿಲ್ಲ. ಅವರ ತಂಡದಲ್ಲಿ ದೊಡ್ಡ ಹೆಸರು ಮೂರೇ. ಉಳಿದದ್ದೆಲ್ಲ ಕ್ಯಾಲೆಂಡರ್. ನೀನು ಆ ನಾಲ್ಕು ಬದಲಾವಣೆಗಳಲ್ಲಿ ಕಳೆದ ತಿಂಗಳು ಎಷ್ಟು ಬಳಸಿದೆ ಅಂತ ಲೆಕ್ಕ ಹಾಕಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಮರ್ಯಾದೆ ಪ್ರಶ್ನೆ.

ಮೂರರಲ್ಲಿ ಲಂಡನ್‌ನ ಹುಡುಗ, ಒಂಟಾರಿಯೊದ ಲಂಡನ್. ಸುಂದರವಾದ ತಂಡವಲ್ಲ. ಬ್ರೇಡಿ ಟ್ಕಚಕ್, ಟಾಮ್ ವಿಲ್ಸನ್, 383 ಹಿಟ್‌ಗಳ ಹಳೆಯ ದಾಖಲೆಯನ್ನೇ ಈ ಸೀಸನ್‌ನಲ್ಲಿ ದಾಟಿದ ಕೀಫರ್ ಶೆರ್ವುಡ್. ಗೂಳಿಗಳ ಹಿಂಡು. ಹಿಟ್, ಬ್ಲಾಕ್, ಶಾಟ್, ಈ ಮೂರು ಪ್ರತಿ ವಾರ ಅವನದೇ. ಗೋಲು ಅಸಿಸ್ಟ್ ಒಂದು ವಾರ ಬರುತ್ತವೆ, ಒಂದು ವಾರ ಇಲ್ಲ. ಗುದ್ದುವವನು ಮಾತ್ರ ದಿನಾ ಗುದ್ದುತ್ತಾನೆ. ಒಂದೇ ವಾರದಲ್ಲಿ ಎಲ್ಲ ತೀರ್ಮಾನವಾಗುವಾಗ ಅಂಥ ತಂಡವೇ ಭಯ ಹುಟ್ಟಿಸುತ್ತದೆ.

ಐದರಲ್ಲಿರುವವರ ಬಗ್ಗೆ ಹೇಳಲು ಹೆಚ್ಚಿಲ್ಲ. ಅವರ ತಂಡದ ಒವೆಚ್ಕಿನ್ ಗ್ರೆಟ್ಸ್‌ಕಿಯ 894 ಗೋಲುಗಳ ದಾಖಲೆಗೆ ಹತ್ತಿರ ಬಂದಿದ್ದಾನೆ, ಹತ್ತು ಗೋಲು ಕೂಡ ಬೇಡ, ಸಹ ಆಟಗಾರರೆಲ್ಲ ಪಕ್ ಅನ್ನು (ಐಸ್ ಹಾಕಿಯ ಚೆಂಡನ್ನು) ಅವನಿಗೇ ತಳ್ಳುತ್ತಾರೆ. ಅವರು ಗೆದ್ದರೆ ಇತಿಹಾಸದ ಪುಣ್ಯದಿಂದ ಗೆಲ್ಲುತ್ತಾರೆ. ಆರು ನಾನು. ಏಳರಿಂದ ಹನ್ನೆರಡರವರು ಈಗಾಗಲೇ ಕ್ರಿಕೆಟ್ ನೋಡುತ್ತಿದ್ದಾರೆ, ಇವತ್ತಷ್ಟೇ ಐಪಿಎಲ್ ಶುರು.

ನಾಲ್ಕನೇ ಸ್ಥಾನ ಅವಮಾನ ಅಲ್ಲ ಮಾರಾಯ. ಒಬ್ಬ ಒಳ್ಳೆಯ ಗೋಲಿ ಸಿಕ್ಕರೆ ನಿನ್ನನ್ನು ಮತ್ತೆ ಒಂದಕ್ಕೆ ಹತ್ತಿಸಲು ನನಗೆ ಎರಡು ನಿಮಿಷ ಸಾಕು. ಅಂಥವನೊಬ್ಬ ಯಾರ ತಂಡದಲ್ಲೂ ಇಲ್ಲದೆ ಬಿಡಿಯಾಗಿ ಬಿದ್ದಿದ್ದಾನೆ. ಮೊದಲ ಗೋಲಿಗೆ ಗಾಯವಾಗಿ ಇವನಿಗೆ ದಿನಾ ಆಟ ಸಿಗುತ್ತಿದೆ, ಮುಂದಿನ ಎರಡು ವಾರದ ಎದುರಾಳಿಗಳೂ ಮೆತ್ತಗಿದ್ದಾರೆ. ಬೈ ವಾರ ಅಂತ ನೀನು ಆರಾಮಾಗಿ ಕೂತರೆ ಸೋಮವಾರ ಆಡುವ ನಾವು ನಾಲ್ಕು ಜನರಲ್ಲಿ ಯಾರಾದರೂ ಎತ್ತಿಕೊಂಡು ಹೋಗುತ್ತೇವೆ. ನನ್ನ ಗೋಲಿಗಳು ಹೇಗೂ ಭಾವನ ಎದುರು ನಿಲ್ಲುವುದಿಲ್ಲ, ಅದಕ್ಕೆ ನಾನು ಇನ್ನೂ ಮುಟ್ಟಿಲ್ಲ.

ಹೆಸರು ಇಲ್ಲಿ ಬರೆಯಲಾಗುವುದಿಲ್ಲ, ಭಾವನೂ ಇದನ್ನು ಓದುತ್ತಾರೆ. ಫೋನ್ ಎತ್ತು. ನಾಳೆ ಸಂಜೆ ಏಳರವರೆಗೆ ಕಾಯುತ್ತೇನೆ, ನಿನ್ನ ಎಡ್ಮಂಟನ್‌ಗೆ ಅದು ಐದು. ಆಮೇಲೆ ನಾನೇ ತೆಗೆದುಕೊಳ್ಳುತ್ತೇನೆ.

ಇಂತಿ,
ಆರನೇ ಜಾಗದ ನಿನ್ನ ಗೆಳೆಯ