ಮನೆಗೆ ನೀರು ಹಾಯಿಸೋ ಊರು

ಮಂಡ್ಯ

ಚಿ. ಸುಮಂತನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಅಮೆರಿಕದಲ್ಲಿ ಎರಡು ಕೆಲಸ ಸಿಕ್ಕಿದೆ, ಟೆಕ್ಸಸ್ ರಾಜ್ಯದ ಡಲ್ಲಾಸ್‌ನದೂ ಬಂದಿದೆ, ಕ್ಯಾಲಿಫೋರ್ನಿಯಾದ್ದೂ ಬಂದಿದೆ, ಯಾವುದಕ್ಕೆ ಹೋಗಲಿ ಅಂತ ಕೇಳಿದ್ದೀಯ. ಕೆಲಸದ ವಿಷಯ ನನಗೆ ತಿಳಿಯದು. ಡಲ್ಲಾಸ್ ಪಕ್ಕದಲ್ಲಿ ಮಗಳ ಮನೇಲಿ ಎರಡು ಸಲ ಐದೈದು ತಿಂಗಳು ಇದ್ದು ಬಂದವನು ನಾನು, ಊರಿನ ವಿಷಯ ಮಾತ್ರ ಹೇಳಬಲ್ಲೆ.

ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸೇ ಇಲ್ಲ ಅಂತ ಹಿಗ್ಗಿ ಬರೆದಿದ್ದೀಯ. ನಿಜ. ಕೇಂದ್ರದ್ದು ಇದ್ದೇ ಇದೆ, ಅದು ಬೇರೆ ಮಾತು. ಆದರೆ ಸರ್ಕಾರ ಯಾವತ್ತಾದರೂ ಸುಮ್ಮನೆ ಬಿಟ್ಟಿದ್ದುಂಟೇ? ಮನೆ ಕಂದಾಯದಲ್ಲಿ ಹಿಡೀತಾರೆ. ಮಗಳ ಕಡೆ ವರ್ಷಕ್ಕೆ ಮನೆ ಬೆಲೆಯ ನೂರಕ್ಕೆ 2ರ ಆಸುಪಾಸು. 4 ಲಕ್ಷ ಡಾಲರ್ ಮನೆಗೆ ಸುಮಾರು 8 ಸಾವಿರ, ಬ್ಯಾಂಕ್ ಸಾಲ ತೀರಿದ ಮೇಲೂ. ಇಲ್ಲಿ ನಗರಸಭೆಗೆ ನಾನು ಕಟ್ಟೋದು ಎಷ್ಟು ಅಂತ ಹೇಳಿದ್ದಕ್ಕೆ ಅಳಿಯ ಊಟ ಬಿಟ್ಟು ನಕ್ಕ. ಅಷ್ಟಾದರೂ, ಕ್ಯಾಲಿಫೋರ್ನಿಯಾದಲ್ಲಿ ಎರಡು ರೂಮಿಗೆ ಕೊಡೋ ದುಡ್ಡಿಗೆ ಡಲ್ಲಾಸ್ ಕಡೆ ಹಿತ್ತಲಿರೋ ಮನೆ ಸಿಗುತ್ತೆ. ಅದನ್ನ ಸುಳ್ಳು ಅನ್ನೋಕಾಗಲ್ಲ.

ಮಗಳ ಮನೆಯ ಕತೆ ಕೇಳು. ಗೋಡೆಯ ಬುಡದ ಸುತ್ತ ತೂತಿನ ಪೈಪು ಹಾಸಿದ್ದರು, ಗಿಡ ಒಂದೂ ಇಲ್ಲ. ಯಾವುದಕ್ಕಮ್ಮ ಈ ಡ್ರಿಪ್ಪು ಅಂದೆ. ‘ಮನೆಗಪ್ಪ’ ಅಂದಳು. ಅದು ಎರೆಮಣ್ಣಿನ ನೆಲ. ಬಿಸಿಲಿಗೆ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಮನೆ ಕೂತಿರೋದು ಕಾಂಕ್ರೀಟ್ ಹಾಸಿನ ಮೇಲೆ. ಒಂದು ಕಡೆ ಮಣ್ಣು ಒಣಗಿ ಕುಸಿದರೆ ಗೋಡೆ ಸೀಳುತ್ತೆ, ಅದಕ್ಕೇ ಆರೈಕೆ. ಆಗಸ್ಟ್‌ನಲ್ಲಿ ಅಂಗಳದ ಬಿರುಕಿಗೆ ಕೈ ಇಟ್ಟೆ, ನಾಲ್ಕು ಬೆರಳೂ ಇಳಿದವು. ಅದೇ ತಿಂಗಳು ನಾನು ಮಲಗೋ ಕೋಣೆ ಬಾಗಿಲು ಚಿಲಕಕ್ಕೆ ಕೂರಲಿಲ್ಲ. ವಿಶ್ವೇಶ್ವರಯ್ಯ ನಾಲೆ ನೀರಿಗೆ ರಾತ್ರಿಯೆಲ್ಲ ಸರದಿ ಕಾದು ಗದ್ದೆಗೆ ಹಾಯಿಸಿದವನು ನಾನು, ಮನೆಗೆ ನೀರು ಹಾಯಿಸೋದು ಅಲ್ಲೇ ನೋಡಿದ್ದು! ನೀನು ಮನೆ ನೋಡೋಕೆ ಹೋದಾಗ ಅಡುಗೆಮನೆ ಗ್ರಾನೈಟ್ ಬಿಡು, ಬಾಗಿಲ ಮೇಲಿನ ಮೂಲೇಲಿ ಓರೆ ಬಿರುಕಿದೆಯಾ ನೋಡು.

ಬಿಸಿಲಿಗೆ ಹೆದರಬೇಡ, 40 ಡಿಗ್ರಿ ಆದರೂ ಮನೆ, ಕಾರು, ಅಂಗಡಿ ಎಲ್ಲ ಎ.ಸಿ. ಚಳಿಯ ವಿಷಯ ಮಾತ್ರ ಯಾರೂ ಹೇಳಲ್ಲ. 2021ರ ಫೆಬ್ರವರೀಲಿ ಡಲ್ಲಾಸ್ ಮೈನಸ್ 19ಕ್ಕೆ ಇಳಿದಿತ್ತು. ಗ್ಯಾಸ್ ಬಾವಿ, ವಿದ್ಯುತ್ ಸ್ಥಾವರ ಎಲ್ಲ ಹೆಪ್ಪುಗಟ್ಟಿದವು. ಆ ರಾಜ್ಯದ ಕರೆಂಟ್ ಜಾಲ ಹೆಚ್ಚುಕಮ್ಮಿ ಒಂಟಿ, ಪಕ್ಕದ ರಾಜ್ಯಗಳಿಂದ ತರಿಸೋಣ ಅಂದರೆ ತಂತಿಯೇ ಸಾಲದು. 40 ಲಕ್ಷಕ್ಕೂ ಹೆಚ್ಚು ಮನೆ ಕತ್ತಲಾದವು, 200ಕ್ಕೂ ಮೇಲ್ಪಟ್ಟು ಜನ ಸತ್ತರು. ಮಗಳು ಬಕೆಟ್‌ನಲ್ಲಿ ಹಿಮ ತಂದು ಕರಗಿಸಿ ಪಾಯಿಖಾನೆಗೆ ಹಾಕಿದಳು. ಇಲ್ಲಿ ಕರೆಂಟ್ ಹೋದರೆ ಜಗಲಿಗೆ ಬಂದು ಕೂರ್ತೀವಿ, ಅಲ್ಲಿ ಆ ಚಳೀಲಿ ಹೋದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತೆ.

ಇನ್ನು ದೂರ. ಮೂರೂವರೆ ಕರ್ನಾಟಕ ಸೇರಿದರೆ ಒಂದು ಟೆಕ್ಸಸ್. ಹ್ಯೂಸ್ಟನ್‌ನಿಂದ ಎಲ್ ಪಾಸೋಗೆ 1,200 ಕಿ.ಮೀ., ರಾಜ್ಯದ ಗಡಿ ದಾಟದೇನೇ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೀಬೇಕು. ಬೆಳಗ್ಗೆ ವಾಕಿಂಗ್ ಹೋದರೆ ಗುಡ್ ಮಾರ್ನಿಂಗ್ ಅನ್ನದೆ ಯಾರೂ ಮುಂದೆ ಹೋಗಲ್ಲ, ಒಳ್ಳೇ ಜನ. ಆದರೆ ಹಾಗೆ ಎದುರಾಗೋರೇ ದಿನಕ್ಕೆ ಇಬ್ಬರು. ಕೆಲವು ಅಂಗಡಿ ಬಾಗಿಲಲ್ಲಿ ‘ಒಳಗೆ ಬಂದೂಕು ತರಬೇಡಿ’ ಅನ್ನೋ ಬೋರ್ಡು ಇರುತ್ತೆ, ಗಾಬರಿಯಾಗಬೇಡ. ಆಸ್ಪತ್ರೆ ವಿಮೆಯ ಕಾಗದ ಮಾತ್ರ ಸಹಿ ಹಾಕೋ ಮೊದಲೇ ಪೂರ್ತಿ ಓದು.

ನನ್ನ ಕೇಳಿದರೆ ಡಲ್ಲಾಸ್‌ಗೇ ಹೋಗು. ಮಾವನ ಮಗಳು ಅಂತ ಒಬ್ಬಳು ಹತ್ತಿರ ಇರ್ತಾಳಲ್ಲ, ನಿನ್ನಮ್ಮನಿಗೂ ನಿದ್ದೆ ಬರುತ್ತೆ. ಆದರೆ ಒಂದು ಆಗಸ್ಟು, ಒಂದು ಫೆಬ್ರವರಿ ಬಾಡಿಗೆ ಮನೇಲೇ ಕಳಿ. ಟ್ಯಾಕ್ಸ್ ಉಳೀತು ಅಂತ ಮೊದಲ ವರ್ಷವೇ ಮನೆಗೆ ಅಡ್ವಾನ್ಸ್ ಕೊಟ್ಟೀಯ, ಜೋಕೆ.

ರಾಗಿಹಿಟ್ಟು ಹೊತ್ಕೊಂಡು ಹೋಗಬೇಡ, ಅಲ್ಲಿ ಸಿಗುತ್ತೆ. ಆಲೆಮನೇಲಿ ಅಚ್ಚುಬೆಲ್ಲ ಹೇಳಿಟ್ಟಿದ್ದೀನಿ. ನಿನಗೆ ಎರಡು ಕೆ.ಜಿ., ಮಗಳಿಗೆ ಮೂರು. ಸೂಟ್‌ಕೇಸ್‌ನಲ್ಲಿ ಜಾಗ ಇದೆಯಾ ಅಂತ ಫೋನ್ ಮಾಡು.

ಇಂತಿ,
ನಿನ್ನ ಮಾವ